ಅಡಿಕೆ ಮರಕ್ಕೆ ಕಟ್ಟಿದ ಡಬ್ಬಿ

ಕೇಳುಗರಿಗೆ ನಮಸ್ಕಾರ. ಇವತ್ತು ಒಂದು ಡಬ್ಬಿಯ ಕಥೆ ಹೇಳ್ತೀನಿ. ಟಿಫನ್ ಡಬ್ಬಿಯಷ್ಟೇ ದೊಡ್ಡದು. ಚನ್ನಗಿರಿ ಕಡೆಯ ಒಂದು ತೋಟದಲ್ಲಿ ಅಡಿಕೆ ಮರಕ್ಕೆ ಅದನ್ನು ಕಟ್ಟಿದ್ದೆವು. ಮಣ್ಣಿನಲ್ಲಿ ತೇವ ಎಷ್ಟಿದೆ ಅಂತ ಅಳೆದು, ವೈರ್ ಇಲ್ಲದೆ ಪಂಪ್‌ಹೌಸಿಗೆ ತಿಳಿಸುವುದು ಅದರ ಕೆಲಸ. ಅಲ್ಲಿಂದ ಸಿಮ್ ಮೂಲಕ ನನ್ನ ಫೋನಿಗೆ ಬರುತ್ತದೆ. ಡಬ್ಬಿಯ ನೆತ್ತಿಯ ಮೇಲೆ ಅಂಗೈಯಗಲದ ಸೋಲಾರ್ ಪ್ಯಾನಲ್, ಒಳಗೆ ಪುಟ್ಟದೊಂದು ಬ್ಯಾಟರಿ.

ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಪಾಠ ಮಾಡುವವನು. ನನ್ನ ಸಂಶೋಧನೆಯೂ ಇದರಲ್ಲೇ. ಇಂಗ್ಲಿಷಿನಲ್ಲಿ ಎನರ್ಜಿ ಹಾರ್ವೆಸ್ಟಿಂಗ್ ಅಂತಾರೆ. ಮಳೆನೀರು ಕೊಯ್ಲು ಅಂತೀವಲ್ಲ, ಹಾಗೆ ಇದು ಶಕ್ತಿಯ ಕೊಯ್ಲು. ಬಿಸಿಲು, ಗಾಳಿ, ಅಲುಗಾಟ, ರೇಡಿಯೋ ಅಲೆ, ಯಾವುದರಿಂದ ಸಿಕ್ಕರೂ ಸರಿ, ಚೂರು ಚೂರೇ ಕೂಡಿಟ್ಟುಕೊಂಡು ಸಂದೇಶ ಕಳಿಸಬೇಕು.

ಒಂಬತ್ತನೇ ದಿನಕ್ಕೆ ಡಬ್ಬಿ ಮಾತು ನಿಲ್ಲಿಸಿತು. ಹೋಗಿ ನೋಡಿದರೆ ಪ್ಯಾನಲ್ ಮೇಲೆ ತಿಳಿನೀಲಿ ಬಣ್ಣದ ಪದರ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆದಿದ್ದರು. ತೋಟದ ಯಜಮಾನರು ನಕ್ಕರು. "ಮೇಷ್ಟ್ರೇ, ನಿಮ್ಮ ಡಬ್ಬಿಗೂ ಒಂದು ಪಾಲು ಬಿತ್ತು. ಇನ್ನು ಅದಕ್ಕೆ ಕೊಳೆರೋಗ ಬರಲ್ಲ ಬಿಡಿ."

ಒದ್ದೆ ಬಟ್ಟೆಯಲ್ಲಿ ಒರೆಸಿ ಬಂದೆ. ಮೂರೇ ದಿನ, ಮತ್ತೆ ಬಂದ್. ಈ ಸಲದ ತಪ್ಪು ನನ್ನದೇ. ನಡು ಮಧ್ಯಾಹ್ನದ ಬಯಲು ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ನಾನು ಲ್ಯಾಬಿನ ತಾರಸಿ ಮೇಲೆ ಲೆಕ್ಕ ಹಾಕಿದ್ದು ಆ ಬಿಸಿಲಿಗೆ. ಅಡಿಕೆ ತೋಟದೊಳಗೆ ಅಷ್ಟು ಬಿಸಿಲು ಎಲ್ಲಿಂದ ಬರಬೇಕು? ಗರಿಗಳ ಸಂದಿಯಿಂದ ಇಳಿದಷ್ಟೇ. ನಾನೋ, ನಿಮಿಷಕ್ಕೊಮ್ಮೆ ವರದಿ ಕೊಡು ಅಂತ ಅದಕ್ಕೆ ಹೇಳಿಟ್ಟಿದ್ದೆ, ರಾತ್ರಿಯೂ ಬಿಡದೆ. ಇಂಥ ಡಬ್ಬಿ ಮಲಗಿದ್ದಾಗ ಕುಡಿಯುವ ಕರೆಂಟ್ ಏನೇನೂ ಅಲ್ಲ. ಬಾಯಿ ತೆರೆದರೆ ಅದರ ಸಾವಿರಾರು ಪಟ್ಟು ಬೇಕು.

ಬಿಸಿಲು ಬೇಡ, ಗಾಳಿಯಲ್ಲಿರುವ ಮೊಬೈಲ್ ಟವರಿನ ಅಲೆಯನ್ನೇ ಹಿಡಿದರೆ ಆಗಲ್ವಾ ಅಂತ ಕೆಲವರು ಕೇಳ್ತಾರೆ. ಆಗುತ್ತೆ, ಹತ್ತಿರ ಇದ್ದರೆ. ಹೆಬ್ಬಾಳು ಟೋಲಿನಲ್ಲಿ ನಿಮ್ಮ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ನೋಡಿ. ಅದರಲ್ಲಿ ಬ್ಯಾಟರಿಯೇ ಇಲ್ಲ. ಮೇಲಿರುವ ಯಂತ್ರ ಕಳಿಸಿದ ಅಲೆಯಿಂದಲೇ ಎಚ್ಚರಗೊಂಡು, ಅದೇ ಅಲೆಯನ್ನು ತಿರುಗಿಸಿ ತನ್ನ ನಂಬರ್ ಹೇಳುತ್ತದೆ. ಆದರೆ ಅದೆಲ್ಲ ಕೆಲವೇ ಮೀಟರುಗಳ ಆಟ. ದೂರ ಎರಡು ಪಟ್ಟಾದರೆ ಸಿಗುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಅದೂ ನಡುವೆ ಏನೂ ಅಡ್ಡ ಇಲ್ಲದಿದ್ದರೆ. ತೋಟಕ್ಕೆ ಬಿಸಿಲೇ ಗತಿ.

ಇಲ್ಲಿ ನನಗೆ ಚಿತ್ರದುರ್ಗದ ಕೋಟೆ ನೆನಪಾಗುತ್ತದೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಕೆಳಗಿನ ನೀರು ಮೇಲಕ್ಕೆ ಹತ್ತುವುದಿಲ್ಲ. ನಮ್ಮ ಡಬ್ಬಿಯದೂ ಇದೇ ಪಾಡು. ಇವತ್ತಿನ ಬಿಸಿಲನ್ನು ನಾಳೆಗೆ ಇಟ್ಟುಕೊಳ್ಳಬಹುದು. ನಾಳಿನ ಬಿಸಿಲನ್ನು ಇವತ್ತು ಸಾಲ ತರಲು ಆಗುವುದಿಲ್ಲ. ಬ್ಯಾಟರಿ ತುಂಬಿದ ಮೇಲೆ ಬಿದ್ದ ಬಿಸಿಲು ಕೋಡಿ ಬಿದ್ದ ನೀರಿನ ಹಾಗೆ, ಹೋಯಿತು.

ಹಾಗಾದರೆ ಎಷ್ಟು ಖರ್ಚು ಮಾಡಬೇಕು? ಅಷ್ಟೇ ಹೊತ್ತಿನಲ್ಲಿ ಎರಡರಷ್ಟು ಮಾಹಿತಿ ಕಳಿಸಲು ಎರಡರಷ್ಟಕ್ಕಿಂತ ಜಾಸ್ತಿ ಶಕ್ತಿ ಬೇಕು. 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಕೊಟ್ಟ ಸೂತ್ರದಿಂದಲೇ ಇದು ಹೊರಡುತ್ತದೆ. ಹಾಗಾಗಿ ಒಂದು ದಿನ ಹಬ್ಬ, ಒಂದು ದಿನ ಉಪವಾಸ ಮಾಡುವುದಕ್ಕಿಂತ ಮಟ್ಟಸವಾಗಿ ಹಂಚಿಕೊಂಡು ಖರ್ಚು ಮಾಡಿದರೆ ಜಾಸ್ತಿ ಮಾತಾಡಬಹುದು. 2011ರಲ್ಲಿ ಸಂಶೋಧಕರಾದ ಶೆನ್ನೂರ್ ಉಲುಕುಶ್, ಐಲಿನ್ ಯೆನೆರ್ ಮತ್ತು ಅವರ ಜೊತೆಗಾರರು ಈ ಹಂಚಿಕೆಗೆ ಲೆಕ್ಕ ಕಟ್ಟಿದರು. ಅದಕ್ಕೆ ಅವರಿಟ್ಟ ಹೆಸರಿನಲ್ಲೂ ನೀರೇ ಇದೆ: ಒಂದೇ ದಿಕ್ಕಿಗೆ ನೀರು ತುಂಬುವ ವಿಧಾನ. ಅವರು ನಮ್ಮ ಕೋಟೆ ಹತ್ತಿದವರಲ್ಲ ಅನ್ಸುತ್ತೆ!

ನಾನು ಡಬ್ಬಿಗೆ ಅದರ ಒಂದು ಬಡ ರೂಪ ಕಲಿಸಿದೆ. ಬ್ಯಾಟರಿ ತುಂಬಿದ್ದರೆ ಅರ್ಧ ಗಂಟೆಗೊಮ್ಮೆ ಮಾತಾಡು. ಇಳಿದರೆ ಎರಡು ಗಂಟೆಗೊಮ್ಮೆ. ಇನ್ನೂ ಇಳಿದರೆ ಆರು ಗಂಟೆಗೊಮ್ಮೆ. ಮಣ್ಣಿನ ತೇವ ನಿಮಿಷಕ್ಕೊಮ್ಮೆ ಎಲ್ಲಿ ಬದಲಾಗುತ್ತೆ ಹೇಳಿ.

ಮುಂದಿನ ಸಲ ಔಷಧಿ ಹೊಡೆಯುವಾಗ ಯಜಮಾನರು ನೆನಪಿಟ್ಟುಕೊಂಡು ಡಬ್ಬಿಗೆ ಗೊಬ್ಬರದ ಚೀಲ ಮುಚ್ಚಿದರು. ಇತ್ತ ನನ್ನ ಫೋನಿನಲ್ಲಿ ಅರ್ಧ ಗಂಟೆ ಎರಡು ಗಂಟೆಯಾಯಿತು. ಆಮೇಲೆ ಆರು. ಐದನೇ ದಿನ ಫೋನ್ ಮಾಡಿದೆ.

"ಯಜಮಾನ್ರೇ, ಚೀಲ ತೆಗೆದಿಲ್ಲ ಅಲ್ವಾ?"

"ಅಯ್ಯೋ, ಮರೆತೇ ಬಿಟ್ಟೆ. ಅದ್ಹೇಗೆ ಗೊತ್ತಾಯ್ತು ನಿಮಗೆ?"

"ಡಬ್ಬಿನೇ ಹೇಳ್ತು."

ನಮಸ್ಕಾರ.