ಬೊಮ್ಮಾಯಿ ತೀರ್ಪು ಮತ್ತು ಬೊಮ್ಮಾಯಿಯವರು

[ದೃಶ್ಯ: ಹುಬ್ಬಳ್ಳಿಯ ಚನ್ನಮ್ಮ ವೃತ್ತ, ಬೆಳಗಿನ ಹೊತ್ತು]

ನಮಸ್ಕಾರ. ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ನಮ್ಮ ಹುಬ್ಬಳ್ಳಿಯ ಎಸ್. ಆರ್. ಬೊಮ್ಮಾಯಿಯವರ ಹೆಸರು ನ್ಯಾಯಾಲಯದಲ್ಲಿ ಕೇಳಿಬರುತ್ತದೆ. ಆದರೆ ಅವರ ಹೆಸರಿನ 1994ರ ಸುಪ್ರೀಂ ಕೋರ್ಟ್ ತೀರ್ಪಿನ ಆಚೆಗಿನ ಬೊಮ್ಮಾಯಿಯವರನ್ನು ನಮ್ಮ ಊರಿನವರೇ ಹೆಚ್ಚಾಗಿ ಮರೆತಿದ್ದಾರೆ.

1924ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ ಹುಟ್ಟಿದ ಅವರು ಚಿಂತಕ, ಕ್ರಾಂತಿಕಾರಿ ಎಂ. ಎನ್. ರಾಯ್ ಅವರ ಅನುಯಾಯಿ. ಪಕ್ಷಗಳೇ ಇಲ್ಲದ ಪ್ರಜಾಪ್ರಭುತ್ವ ಬೇಕೆಂದು 1948ರಲ್ಲಿ ತಮ್ಮ ಪಕ್ಷವನ್ನೇ ವಿಸರ್ಜಿಸಿದವರು ರಾಯ್. ಅಂಥವರ ಶಿಷ್ಯ ಮುಂದೆ ಜನತಾದಳದ ರಾಷ್ಟ್ರೀಯ ಅಧ್ಯಕ್ಷರಾದರು. ಇದನ್ನು ತತ್ತ್ವದ್ರೋಹ ಎನ್ನಲು ನನಗೆ ಮನಸ್ಸಿಲ್ಲ. ವಿಧಾನಸಭೆಗೆ ಕಾಲಿಟ್ಟವರಿಗೆ ಪಕ್ಷದ ಹಂಗು ತಪ್ಪುವುದು ಕಷ್ಟ.

ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ, 1988ರ ಆಗಸ್ಟ್‌ನಲ್ಲಿ ಬೊಮ್ಮಾಯಿ ಮುಖ್ಯಮಂತ್ರಿಯಾದರು. ಮರುವರ್ಷದ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಅವರಲ್ಲಿ ಏಳು ಮಂದಿ ಅದರ ಬೆನ್ನಲ್ಲೇ ಮಾತು ಬದಲಿಸಿದರೂ, ಸದನದಲ್ಲಿಯೇ ಬಹುಮತ ಸಾಬೀತುಪಡಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರೂ, ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು, ರಾಷ್ಟ್ರಪತಿ ಆಳ್ವಿಕೆಗೆ ಅವಕಾಶ ಕೊಡುವ ಸಂವಿಧಾನದ 356ನೇ ವಿಧಿಯಡಿ ಸರ್ಕಾರ ವಜಾ ಆಯಿತು. ಶಾಸಕರ ತಲೆಯೆಣಿಕೆ ರಾಜಭವನದಲ್ಲಿ ನಡೆಯಿತೆಂಬುದೇ ಇಲ್ಲಿನ ಮೂಲ ತಕರಾರು.

ಹೈಕೋರ್ಟಿನಲ್ಲಿ ಸೋತ ಆ ತಕರಾರನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಎತ್ತಿಹಿಡಿಯಿತು: ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕುರ್ಚಿ ಮಾತ್ರ ಮರಳಲಿಲ್ಲ. ಅಷ್ಟರಲ್ಲಿ 1989ರ ಚುನಾವಣೆಯೇ ಮುಗಿದು, 178 ಸ್ಥಾನ ಗೆದ್ದ ಕಾಂಗ್ರೆಸ್ ಆಳುತ್ತಿತ್ತು. ಅದೇ ತೀರ್ಪು, ಅಯೋಧ್ಯೆಯ ಘಟನೆಯ ನಂತರ ಮೂರು ರಾಜ್ಯಗಳ ಬಿಜೆಪಿ ಸರ್ಕಾರಗಳನ್ನು ವಜಾ ಮಾಡಿದ್ದನ್ನು ಜಾತ್ಯತೀತತೆಯ ಆಧಾರದ ಮೇಲೆ ಸರಿಯೆಂದಿತು. ಹೀಗಾಗಿ ಇದನ್ನು ರಾಜ್ಯಗಳ ಪರವಾದ ತೀರ್ಪೆಂದಷ್ಟೇ ಹೇಳಿ ಬಿಡುವುದು ಅರ್ಧಸತ್ಯ.

[ದೃಶ್ಯ: ದೆಹಲಿಯ ರಾಷ್ಟ್ರಪತಿ ಭವನ]

ಕಥೆ ಇಲ್ಲಿಗೆ ಮುಗಿದಿದ್ದರೆ ಬೊಮ್ಮಾಯಿ ಬರೀ ಗೆದ್ದ ಅರ್ಜಿದಾರರಾಗಿ ಉಳಿಯುತ್ತಿದ್ದರು. 1996ರಿಂದ ಅವರು ಕೇಂದ್ರದಲ್ಲಿ ಮಾನವ ಸಂಪನ್ಮೂಲ ಸಚಿವರಾಗಿದ್ದರು. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿ ಕಲ್ಯಾಣ್ ಸಿಂಗ್ ಸದನದಲ್ಲಿ ವಿಶ್ವಾಸಮತ ಗೆದ್ದ ಬೆನ್ನಲ್ಲೇ, ಅಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಬೇಕೆಂದು ಪ್ರಧಾನಿ ಐ. ಕೆ. ಗುಜ್ರಾಲ್ ಅವರ ಸಂಪುಟ ಶಿಫಾರಸು ಮಾಡಿತು. ಸಂಪುಟದ ನಿರ್ಧಾರಕ್ಕೆ ಎಲ್ಲ ಸಚಿವರೂ ಹೊಣೆಗಾರರು. ಆ ಸಂಪುಟದಲ್ಲಿ ಬೊಮ್ಮಾಯಿಯವರೂ ಇದ್ದರು. ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಶಿಫಾರಸನ್ನು ಮರುಪರಿಶೀಲನೆಗೆ ಹಿಂದಿರುಗಿಸಿದರು. ಸಂಪುಟ ಅದನ್ನು ಮತ್ತೆ ಕಳಿಸಲಿಲ್ಲ.