ಬಾಣಂತಿ ಕೋಣೆಗೆ ಯಾರೂ ಬರದ ವರ್ಷ

ಕೇಳುಗರೆ, ನಮಸ್ಕಾರ.

ಹೆರಿಗೆಯಾದ ಮನೆಗೆ ಹೋದವರು ಮೊದಲು ಏನು ಕೇಳುತ್ತಾರೆ? ಗಂಡೋ ಹೆಣ್ಣೋ, ತೂಕ ಎಷ್ಟು, ನಾರ್ಮಲ್ಲಾ ಸಿಸೇರಿಯನ್ನಾ, ಹಾಲು ಸಾಕಾಗುತ್ತಾ. ಎಲ್ಲವೂ ಮಗುವಿನ ವಿಚಾರ, ಇಲ್ಲಾಂದ್ರೆ ಹೊಲಿಗೆಯ ವಿಚಾರ. ನಿನಗೆ ಹೇಗನ್ನಿಸುತ್ತಿದೆಯಮ್ಮ ಅಂತ ಕೇಳುವವರು ಕಡಿಮೆ. ಕೋವಿಡ್ ಬಂದಾಗಲಂತೂ ಕೇಳುವವರು ಮನೆಗೆ ಬರುವುದೇ ನಿಂತುಹೋಯಿತು. ನಾನು ಹೆರಿಗೆ ವಾರ್ಡಿನ ನರ್ಸ್. ಆ ದಿನಗಳಲ್ಲಿ ಬಾಣಂತಿಯರ ಮನಸ್ಸಿನ ಬಗ್ಗೆ ಕಂಡದ್ದು, ಕಲಿತದ್ದು ಇವತ್ತಿನ ಮಾತು.

2020ರ ಮಾರ್ಚ್ 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್. ನಮ್ಮಲ್ಲಿ ಚೊಚ್ಚಲ ಹೆರಿಗೆ ಅಂದರೆ ತವರುಮನೆ. ಸೀಮಂತ ಮುಗಿಸಿ ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಆ ವರ್ಷ ಎಷ್ಟೋ ಹೆಣ್ಣುಮಕ್ಕಳು ಗಂಡನ ಮನೆಯಲ್ಲೇ ಉಳಿದರು. ಜಿಲ್ಲೆಯ ಗಡಿ ದಾಟಲು ಪಾಸ್ ಬೇಕಿತ್ತು. ಮೊದಲೇ ತವರು ಸೇರಿದ್ದವರಿಗೆ ಇನ್ನೊಂದು ಕಷ್ಟ. ಗಂಡ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಸಿಕ್ಕಿಬಿದ್ದ, ಮಗುವಿನ ಮುಖ ನೋಡಿದ್ದು ಫೋನಿನಲ್ಲೇ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಟಿಕೆಟ್ ಮಾಡಿಸಿ, ಲೇಹ್ಯ ಅಂಟಿನುಂಡೆ ಕಟ್ಟಿಟ್ಟುಕೊಂಡಿದ್ದ ತಾಯಂದಿರು ವಿಮಾನ ನಿಂತು ಮನೆಯಲ್ಲೇ ಕೂತರು. ಕೂಸಿಗೆ ಎಣ್ಣೆ ತಿಕ್ಕುವುದು ಹೇಗೆ, ತಲೆಗೆ ನೀರು ಹಾಕುವುದು ಹೇಗೆ, ಎಲ್ಲ ಪಾಠ ವಿಡಿಯೊ ಕರೆಯಲ್ಲಿ ನಡೆಯಿತು. ತೊಟ್ಟಿಲು ಶಾಸ್ತ್ರವೂ ಅದರಲ್ಲೇ.

ಆಸ್ಪತ್ರೆಯ ಒಳಗೂ ಪರಿಸ್ಥಿತಿ ಬೇರೆಯಿತ್ತು. ನೋವು ಬಂದು ಓಡಿಬಂದವಳಿಗೆ ಮೊದಲು ಗಂಟಲಿನ ಸ್ವಾಬ್. ಜೊತೆಗೆ ಒಬ್ಬರಿಗೆ ಮಾತ್ರ ಪ್ರವೇಶ. ನಾವೋ ತಲೆಯಿಂದ ಕಾಲಿನ ತನಕ ಪಿಪಿಇ ಕಿಟ್ಟಿನಲ್ಲಿ. ಅಮ್ಮಾ ಅಂತ ಕೂಗುವವಳಿಗೆ ಎದುರಿನವರ ಮುಖವೇ ಕಾಣಿಸದು. ಎದೆಯ ಮೇಲೆ ಮಾರ್ಕರಿನಿಂದ ಹೆಸರು ಬರೆದುಕೊಳ್ಳುತ್ತಿದ್ದೆವು. ಕೈ ಹಿಡಿದುಕೊಂಡರೂ ಎರಡೆರಡು ಗ್ಲೌಸಿನ ಆಚೆಯಿಂದ. ಹೆರಿಗೆಯ ಹೊತ್ತಿನಲ್ಲಿ ಒಂದು ಪರಿಚಿತ ಮುಖ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಅದು ಇಲ್ಲದಾಗ ಗೊತ್ತಾಯಿತು.

ಪಾಸಿಟಿವ್ ಬಂದ ತಾಯಂದಿರ ಸಂಕಟ ಇನ್ನೂ ಜಾಸ್ತಿ. ನನ್ನಿಂದ ಮಗುವಿಗೆ ಬಂದುಬಿಟ್ಟರೆ? ಹಾಲು ಕೊಡಲೋ ಬೇಡವೋ? ಮಾಸ್ಕ್ ಹಾಕಿಕೊಂಡು, ಕೈ ತೊಳೆದುಕೊಂಡು ಹಾಲುಣಿಸಬಹುದು, ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಳ್ಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ಆದರೆ ಹೆದರಿದ ಮನೆಯವರಿಗೆ ಆ ಮಾತು ತಲುಪಬೇಕಲ್ಲ? ಮಗುವನ್ನು ಬೇರೆ ಕೋಣೆಯಲ್ಲಿಟ್ಟು ಬಾಟಲಿ ಹಾಲು ಹಿಡಿದ ಮನೆಗಳಿವೆ. ಗೋಡೆಯಾಚೆ ಕೂಸು ಅಳುತ್ತಿದ್ದರೆ ಈಚೆ ತಾಯಿಯ ಎದೆ ಕಟ್ಟಿಕೊಂಡು ನೋಯುತ್ತದೆ. ದೇಹದ ನೋವಿಗೆ ಔಷಧಿ ಕೊಟ್ಟೆವು. ನಾನು ಕೆಟ್ಟ ತಾಯಿ ಅಂತ ಅವಳು ಒಳಗೇ ಅಂದುಕೊಂಡಿದ್ದು ಯಾರ ಕಿವಿಗೂ ಬೀಳಲಿಲ್ಲ.

ಇಲ್ಲಿ ಸ್ವಲ್ಪ ವೈದ್ಯಕೀಯದ ಮಾತು ಆಡಬೇಕು. ಹೆರಿಗೆಯಾದ ಮೂರನೆಯ ದಿನದ ಹೊತ್ತಿಗೆ ಸುಮ್ನೆ ಅಳು ಬರುವುದು, ಸಣ್ಣದಕ್ಕೂ ಸಿಡುಕುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಇರುತ್ತದೆ. ಹಾರ್ಮೋನುಗಳು ಏಕಾಏಕಿ ಇಳಿಯುತ್ತವೆ, ನಿದ್ದೆ ಇರುವುದಿಲ್ಲ. ಎರಡು ವಾರದೊಳಗೆ ಅದು ತಾನಾಗಿಯೇ ಹೋಗುತ್ತದೆ. ಅಲ್ಲಿಗೂ ಹೋಗದೆ ಉಳಿದರೆ, ಯಾವುದರಲ್ಲೂ ಆಸೆಯಿಲ್ಲ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ, ನಾನು ಇದ್ದರೂ ಒಂದೇ ಸತ್ತರೂ ಒಂದೇ ಅನ್ನಿಸಿದರೆ, ಅದು ಖಿನ್ನತೆ. ಭಾರತದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಇದು 100 ತಾಯಂದಿರಲ್ಲಿ ಸುಮಾರು 22 ಮಂದಿಗೆ ಬರುತ್ತದೆ. ಗಮನಿಸಿ, ಇದು ಕೋವಿಡ್‌ಗಿಂತ ಮುಂಚಿನ ಲೆಕ್ಕ.

ನಿದ್ದೆಯ ವಿಷಯದಲ್ಲಿ ಮನೆಯವರು ಮೋಸ ಹೋಗುತ್ತಾರೆ. ಬಾಣಂತಿಗೆ ನಿದ್ದೆ ಎಲ್ಲಿಂದ ಬರಬೇಕು ಅನ್ನುತ್ತಾರೆ. ನಿಜವೇ. ಆದರೆ ಮಗು ಮಲಗಿದೆ, ಪಕ್ಕದಲ್ಲಿ ನೋಡಿಕೊಳ್ಳುವವರಿದ್ದಾರೆ, ಆಗಲೂ ಅವಳು ಸೂರು ನೋಡುತ್ತಾ ಎಚ್ಚರವಾಗಿಯೇ ಇದ್ದರೆ ಯೋಚಿಸಬೇಕು. ಇನ್ನು ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಇಲ್ಲದ ಮಾತು ಕೇಳಿಸುವುದು, ಮಗು ನನ್ನದಲ್ಲ ಅನ್ನುವುದು, ರಾತ್ರಿಯಿಡೀ ಎದ್ದು ಓಡಾಡುವುದು ಶುರುವಾದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಳ್ಳಿಗಳಲ್ಲಿ ಇದನ್ನು ಬಾಣಂತಿ ಸನ್ನಿ ಅನ್ನುತ್ತಾರೆ. ಸಾವಿರದಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆ, ಆದರೆ ತಾಯಿಗೂ ಮಗುವಿಗೂ ಅಪಾಯ. ದೇವರು ಕೇಳಿಸುವುದು, ತಾಯತ ಕಟ್ಟಿಸುವುದು ಆಮೇಲೆ ಮಾಡಿಕೊಳ್ಳಿ.

2021ರ ಎರಡನೆಯ ಅಲೆಯಲ್ಲಿ ಇನ್ನೊಂದು ಸಂಕಟ ನೋಡಿದೆ. ಒಂದೇ ವಾರದಲ್ಲಿ ಮನೆಗೆ ಕೂಸು ಬಂತು, ಅಜ್ಜನೋ ಮಾವನೋ ಹೋದರು. ಪುರುಡೂ ಸೂತಕವೂ ಒಟ್ಟಿಗೆ. ಅಂಥ ಮನೆಯಲ್ಲಿ ಯಾರೋ ಒಬ್ಬರು ಮೆಲ್ಲಗೆ ಹೇಳುತ್ತಾರೆ, ಮಗುವಿನ ಕಾಲ್ಗುಣ ಅಂತ. ಹೆಣ್ಣುಮಗುವಾದರೆ ಮೆಲ್ಲಗೇನು, ಜೋರಾಗಿಯೇ ಹೇಳುತ್ತಾರೆ. ವೈರಸ್ಸಿನ ತಪ್ಪನ್ನು ಕಣ್ಣು ಬಿಡದ ಕೂಸಿನ ತಲೆಗೆ ಕಟ್ಟಿದ ಆ ಮಾತು ಬಾಣಂತಿಯ ಕೋಣೆಗೆ ಕೇಳಿಸುತ್ತಿತ್ತು. ಸತ್ತವರಿಗಾಗಿ ಅಳಲೂ ಅವಳನ್ನು ಬಿಡಲಿಲ್ಲ. ಬಾಣಂತಿ ಅತ್ತರೆ ಹಾಲು ಕೆಡುತ್ತೆ ಅಂದರು. ಅತ್ತರೆ ಹಾಲು ಕೆಡುವುದಿಲ್ಲ. ನೂರು ಸಲ ಬೇಕಾದರೂ ಹೇಳುತ್ತೇನೆ.

ಹಾಗಂತ ಮೊದಲಿನ ಬಾಣಂತನವೆಲ್ಲ ಹೂವಿನ ಹಾಸಿಗೆ ಆಗಿತ್ತು ಅಂತ ನಾನು ಹೇಳಲಾರೆ. ಕಿವಿಗೆ ಹತ್ತಿ, ಕತ್ತಲೆ ಕೋಣೆ, ನೀರು ಕುಡಿಯಬೇಡ, ಪುಸ್ತಕ ಹಿಡಿಯಬೇಡ. ದಿನಾ ಬಂದುಹೋಗುವ ನೆಂಟರ ಮುಂದೆ ಮಗುವಿನ ಬಣ್ಣ, ಮೂಗು, ತೂಕದ ವಿಚಾರಣೆ. ಲಾಕ್‌ಡೌನಿನಲ್ಲಿ ಈ ಕಾಟ ತಪ್ಪಿತು ಅಂತ ಸಮಾಧಾನಪಟ್ಟ ತಾಯಂದಿರೂ ಇದ್ದಾರೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕೆಲವು ಗಂಡಂದಿರು ಮಗುವಿನ ಬಟ್ಟೆ ಬದಲಿಸುವುದು, ತೇಗು ಬರಿಸುವುದು ಕಲಿತರು. ಅಂಥ ಮನೆಯ ಬಾಣಂತಿಯರು ಗೆಲುವಾಗಿದ್ದರು. ನನ್ನ ಪ್ರಕಾರ ಲೇಹ್ಯ ಇಲ್ಲದಿದ್ದರೂ ಬಾಣಂತನ ನಡೆಯುತ್ತದೆ. ರಾತ್ರಿ ಎರಡು ಗಂಟೆಗೆ, ನೀನು ಮಲಗು ನಾನು ಎತ್ತಿಕೊಳ್ಳುತ್ತೇನೆ ಅನ್ನುವವರು ಇಲ್ಲದಿದ್ದರೆ ಕಷ್ಟ. ಅದು ಅಮ್ಮನೇ ಆಗಬೇಕೆಂದಿಲ್ಲ, ಅತ್ತೆ, ಗಂಡ, ಪಕ್ಕದ ಮನೆಯ ಅಕ್ಕ, ಯಾರಾದರೂ ಸರಿ.

ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನದೊಳಗೆ ನೀವು ಆರು ಸಲ ಆ ಮನೆಗೆ ಹೋಗಬೇಕು. ಕೋವಿಡ್ ಸರ್ವೆಯ ಹೊರೆಯಲ್ಲಿ ಅದು ಎಷ್ಟು ಕಷ್ಟವಾಗಿತ್ತು ಅಂತ ಬಲ್ಲೆ. ಈಗ ಹೋದಾಗ ಮಗುವಿನ ತೂಕ ಬರೆದುಕೊಂಡ ಮೇಲೆ ಇನ್ನೊಂದು ಐದು ನಿಮಿಷ ಕೂತುಕೊಳ್ಳಿ. ಅತ್ತೆ ಕಾಫಿ ಮಾಡಲು ಒಳಗೆ ಹೋದ ಹೊತ್ತು ಒಳ್ಳೆಯದು. ಬಾಣಂತಿಯ ಖಿನ್ನತೆ ಗುರುತಿಸಲು ಎಡಿನ್‌ಬರೊ ಪ್ರಶ್ನಾವಳಿ ಅಂತ ಒಂದಿದೆ, 1987ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಮಾಡಿದ್ದು, ಹತ್ತೇ ಪ್ರಶ್ನೆ, ಕನ್ನಡದಲ್ಲೂ ಇದೆ. ಕಳೆದ ಏಳು ದಿನಗಳಲ್ಲಿ ನಗಲು ಆಯಿತಾ ಅಂತ ಶುರುವಾಗುತ್ತದೆ. ನಿಮಗೇ ತೊಂದರೆ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅನ್ನುವುದು ಕೊನೆಯದು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅಂತ ಹೆದರಬೇಡಿ, ಹಾಗಾಗುವುದಿಲ್ಲ.

ಚಿಕಿತ್ಸೆ ಅಂದರೆ ಮಗುವನ್ನು ಬಿಟ್ಟಿರಬೇಕು ಅನ್ನುವ ಭಯ ಬಹಳ ಜನರಿಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದಲೇ ತಾಯಿ ಮತ್ತು ಮಗುವನ್ನು ಒಟ್ಟಿಗೆ ಸೇರಿಸಿಕೊಳ್ಳುವ ವಿಭಾಗವಿದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ವೈದ್ಯರನ್ನು ಕೇಳಿ, ನೀವೇ ನಿಲ್ಲಿಸಬೇಡಿ.

ಆಸ್ಪತ್ರೆ ದೂರವಿದ್ದರೆ, ಅಥವಾ ಹೊರಗೆ ಹೋಗಲಾಗದ ಕಾಲ ಮತ್ತೆ ಬಂದರೆ, ಟೆಲಿ ಮಾನಸ್ ಸಹಾಯವಾಣಿ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕೋ ತೋಚದಿದ್ದರೆ ಹೆರಿಗೆಯಾಗಿ ಎಷ್ಟು ದಿನವಾಯಿತು, ನಿದ್ದೆ ಹೇಗಿದೆ, ಇಷ್ಟು ಹೇಳಿ. ಮುಂದಿನದನ್ನು ಅವರೇ ಕೇಳುತ್ತಾರೆ. ಬಾಣಂತಿಗೆ ಮಾತಾಡಲು ಆಗದಿದ್ದರೆ ಮನೆಯವರು ಮಾಡಬಹುದು. ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಮ್ಮೆ ಹೇಳುತ್ತೇನೆ, 14416.

ನಮಸ್ಕಾರ.