ಬ್ರೇಕಿನ ಮೇಲೊಂದು ಬೆರಳು

ನಮಸ್ಕಾರ. ಸೈಕಲ್ಲಿನ ಮುಂದಿನ ಗಾಲಿ ಎತ್ತುವುದು ಹೇಗೆ ಎಂದು ಕೇಳುವ ಹುಡುಗರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಇಳಿಸುವುದು ಹೇಗೆ ಎಂದು ಇದುವರೆಗೆ ಒಬ್ಬನೂ ಕೇಳಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ನಾನೂ ಹಾಗೆಯೇ ಕಲಿಯಲು ಹೊರಟವನು. ಧಾರವಾಡದ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದ ಅಂಚಿನಲ್ಲಿ, ಬೆಳಗಿನ ವಾಯುವಿಹಾರಿಗಳ ಕಣ್ಣೆದುರೇ, ರಟ್ಟೆ ಬಿಗಿದು ಹ್ಯಾಂಡಲ್ ಜಗ್ಗುತ್ತಿದ್ದೆ. ಗಾಲಿ ಒಂದು ಗೇಣು ಏಳುವುದು, ದೊಪ್ಪನೆ ಬೀಳುವುದು. ಹದಿನೈದು ದಿನ ಇದೇ ಪಾಡು. ಒಂದು ಬೆಳಿಗ್ಗೆ ಅದು ನಿಜವಾಗಿಯೂ ಎದ್ದಿತು. ಏಳುತ್ತಲೇ ಹೋಯಿತು. ನಾನು ಕೆಮ್ಮಣ್ಣಿನಲ್ಲಿ ಅಂಗಾತ ಬಿದ್ದೆ. ಸೈಕಲ್ ನನ್ನನ್ನು ಬಿಟ್ಟು ನಾಲ್ಕು ಮಾರು ಮುಂದೆ ಹೋಗಿ ಮಲಗಿತು. ಮಂಕಿ ಕ್ಯಾಪ್ ತೊಟ್ಟ ಹಿರಿಯರೊಬ್ಬರು ನಿಂತು ನೋಡಿ, "ಬ್ರೇಕ್ ಇದೆಯಲ್ಲ, ಹಿಡಿಯಬಾರದೇ?" ಎಂದರು. ಅಷ್ಟು ಹೇಳಿ ನಡೆದುಬಿಟ್ಟರು.

ಅವರ ಮಾತು ಸರಿಯಾಗಿತ್ತು. ಪೆಡಲ್ ತುಳಿದರೆ ಮುಂಭಾಗ ಏಳುತ್ತದೆ, ಹಿಂದಿನ ಬ್ರೇಕ್ ಮುಟ್ಟಿದರೆ ಇಳಿಯುತ್ತದೆ. ಮೈಭಾರ ಹಿಂದಿನ ಗಾಲಿ ನೆಲ ಮುಟ್ಟುವ ಜಾಗದ ನೇರಕ್ಕೆ ಬಂದಾಗ ಹ್ಯಾಂಡಲ್ ತೂಕವಿಲ್ಲದಂತಾಗುತ್ತದೆ. ಸಮತೋಲ ಸಿಗುವುದು ಅಲ್ಲಿ. ಅದನ್ನು ಒಂದು ಅಂಗುಲ ದಾಟಿದರೂ ನಿಮ್ಮನ್ನು ಕಾಯುವುದು ಹಿಂದಿನ ಬ್ರೇಕ್ ಮಾತ್ರ. ಆದ್ದರಿಂದ ಮೊದಲ ಪಾಠ ಇದು: ಗಾಲಿ ಎತ್ತಿ, ಇನ್ನೇನು ಬೀಳುತ್ತೇನೆ ಎನ್ನಿಸುವ ಮೊದಲೇ ಬ್ರೇಕ್ ಒತ್ತಿ ಇಳಿಸಿ. ನೂರು ಸಲ. ಯಾವ ಕೈಯ ಲಿವರ್ ಹಿಂದಿನದು ಎಂದು ಮೊದಲೇ ನೋಡಿಕೊಳ್ಳಿ, ಎಲ್ಲ ಸೈಕಲ್ಲಿಗೂ ಒಂದೇ ಕೈಯಲ್ಲ. ಬೆರಳಿಗೆ ಈ ನಂಬಿಕೆ ಬಂದ ಮೇಲೆ ಬೆನ್ನು ತಾನಾಗಿಯೇ ಹಿಂದಕ್ಕೆ ವಾಲುತ್ತದೆ, ಮಡಚಿದ ತೋಳು ನೀಳವಾಗುತ್ತದೆ. ಅದಕ್ಕೂ ಮೊದಲು ಎಷ್ಟು ಜಗ್ಗಿದರೂ ಹೆದರಿಕೆ ಗಾಲಿಯನ್ನು ಕೆಳಕ್ಕೇ ಎಳೆಯುತ್ತದೆ.

ಉಳಿದದ್ದು ಚಿಕ್ಕಪುಟ್ಟದ್ದು. ಹಗುರ ಗೇರ್, ಆದರೆ ಕಾಲು ಬರಿದೇ ಗಿರ್ರನೆ ತಿರುಗುವಷ್ಟು ಹಗುರವಲ್ಲ. ಸೀಟು ತುಸು ತಗ್ಗಿರಲಿ, ನೆಲ ತುಸು ಏರಿರಲಿ. ಎಡಕ್ಕೆ ವಾಲಿದರೆ ಬಲ ಮೊಣಕಾಲು ಹೊರಗೆ ಚಾಚಿ. ಜಾಗದ ವಿಷಯದಲ್ಲಿ ನಾನು ಧಾರವಾಡದ ಕೆಮ್ಮಣ್ಣಿನ ಪಕ್ಷಪಾತಿ: ನವಲಗುಂದದ ಕಡೆಯ ಎರೆಮಣ್ಣು ಒಂದು ಮಳೆಗೆ ಟೈರಿಗೆ ಮೆತ್ತಿಕೊಂಡರೆ ಗಾಲಿ ಎತ್ತುವ ಮಾತಿರಲಿ, ಸೈಕಲ್ಲನ್ನೇ ಹೊತ್ತುಕೊಂಡು ಬರಬೇಕು.

'ವ್ಹೀಲಿಂಗ್' ಎಂದೊಡನೆ ತಂದೆತಾಯಿಗಳಿಗೆ ಪೊಲೀಸರು ಬೈಕ್ ಹಿಡಿದ ಸುದ್ದಿ ನೆನಪಾಗುತ್ತದೆ. ತಪ್ಪಲ್ಲ. ರಸ್ತೆಯಲ್ಲಿ ಬೈಕ್ ಎತ್ತುವವರ ಪರ ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಖಾಲಿ ಮೈದಾನದಲ್ಲಿ ಹೆಲ್ಮೆಟ್ ತೊಟ್ಟು, ನಡಿಗೆಗಿಂತ ತುಸು ವೇಗದಲ್ಲಿ ಬ್ರೇಕ್ ಕಲಿಯುತ್ತಿರುವ ಹುಡುಗನನ್ನು ಅದೇ ಸಾಲಿಗೆ ಸೇರಿಸಬೇಡಿ.

ಕಳೆದ ಭಾನುವಾರ ನವನಗರದಿಂದ ಒಬ್ಬ ಹುಡುಗ ತನ್ನ ಸೈಕಲ್ ತಂದಿದ್ದ. ಮುಂದೆ ಶಾಕ್ ಅಬ್ಸಾರ್ಬರ್, ಮೈತುಂಬ ಸ್ಟಿಕರ್. ಹಿಂದಿನ ಬ್ರೇಕ್ ಲಿವರ್ ಒತ್ತಿದೆ. ಅದು ಸೀದಾ ಹೋಗಿ ಹ್ಯಾಂಡಲ್ಲಿನ ರಬ್ಬರಿಗೆ ಮುಟ್ಟಿತು. ಆ ದಿನ ನಾವು ಗಾಲಿ ಎತ್ತಲಿಲ್ಲ. ಸವೆದ ಬ್ರೇಕ್ ರಬ್ಬರ್ ಬದಲಿಸಿ, ವೈರ್ ಬಿಗಿದು, ಚಹಾ ಕುಡಿದು ಮನೆಗೆ ಹೋದೆವು.